ಬಿರುಕಿಗೆ ಪಾಲಿಶ್

ಹಂಪಣ್ಣ ಆ ಕಲ್ಲನ್ನು ಮನೆಯ ಕಟ್ಟೆಯ ಮೇಲಿಟ್ಟು ಸ್ನಾನಕ್ಕೆ ಹೋದದ್ದೇ ತಪ್ಪಾಯಿತು.

ಕುಷ್ಟಗಿ ಕಡೆಯ ಗ್ರಾನೈಟ್ ಕ್ವಾರಿಯೊಂದರ ಬಂಡೆಗೋಡೆ ಕೊರೆದು ಪರೀಕ್ಷೆಗೆಂದು ತೆಗೆದ, ಗಿಡ್ಡ ಲಟ್ಟಣಿಗೆಯಂಥ ಕಲ್ಲು ಅದು. ಮೈಮೇಲೆ ಕೂದಲೆಳೆಯಂಥ ಓರೆ ಬಿರುಕು. ಆ ಗೋಡೆಯ ಬುಡದಲ್ಲೇ ಕೂಲಿಗಳ ತಗಡಿನ ಶೆಡ್ಡುಗಳಿದ್ದವು. ಇವತ್ತು ಕೊಪ್ಪಳದ ಪ್ರಯೋಗಾಲಯದ ಒತ್ತುವ ಯಂತ್ರದಲ್ಲಿ ಕಲ್ಲು ಬೇಗ ಒಡೆದರೆ, ಗೋಡೆ ಕುಸಿದೀತೆಂದು ಶೆಡ್ಡುಗಳು ದೂರ ಹೋಗುತ್ತವೆ. ತಾಳಿಕೊಂಡರೆ ಅಲ್ಲೇ ಉಳಿಯುತ್ತವೆ. ಪ್ರಯೋಗಾಲಯದ ಸಹಾಯಕನಾದ ಹಂಪಣ್ಣ ಆ ಶೆಡ್ಡುಗಳಲ್ಲಿ ತೊಟ್ಟಿಲು ತೂಗುವುದನ್ನು ಕಂಡಿದ್ದ. ಕಲ್ಲು ಒಡೆಯಲಿ ಎಂದೇ ಅವನ ಹಾರೈಕೆ.

ಸ್ನಾನ ಮುಗಿಸಿ ಬಂದರೆ ಕಲ್ಲಿಲ್ಲ! ಪಕ್ಕದ ಮನೆಯ ಶಾಂತಕ್ಕ ಬಿಸಿ ರೊಟ್ಟಿ ಹಿಡಿದು ನಿಂತಿದ್ದಳು.

"ಗಾಬ್ರಿ ಆಗಬ್ಯಾಡೋ. ಕಲ್ಲು ಸೀಳೈತಂತ ನಮ್ಮ ಗವಿಸಿದ್ದೇಶ ಒಯ್ದಾನ. ನಿಮ್ಮ ಸಾಹೇಬ್ರು ನಿನ್ನ ಬೈತಾರಂತ ಅವಂಗ ಭಾಳ ಕೆಟ್ಟನಿಸ್ತು."

ಅವಳ ಮಗ ಗವಿಸಿದ್ದೇಶ ಓಣಿಯ ತುದಿಯ ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿದ್ದ. ಸೀಳಿದ ಹಾಸುಗಲ್ಲಿಗೆ ರೆಸಿನ್ ಎಂಬ ಅಂಟು ತುಂಬಿ, ಉಜ್ಜಿ, ಹೊಸದು ಮಾಡುವುದೇ ಅವನ ಕಸುಬು. ಹಂಪಣ್ಣ ಓಡಿಹೋಗಿ ತಲುಪುವಷ್ಟರಲ್ಲಿ ಕಲ್ಲು ಮದುಮಗನಂತೆ ಹೊಳೆಯುತ್ತಿತ್ತು.

"ಹೀಟರ್ ಮುಂದ ಇಟ್ಟು ಒಣಗಿಸೀನಿ. ನನಗೇನೂ ಕೊಡಬ್ಯಾಡ ಮತ್ತ" ಎಂದ ಗವಿಸಿದ್ದೇಶ.

"ಏನ ಮಾಡಿಬಿಟ್ಟ್ಯೋ ಪುಣ್ಯಾತ್ಮಾ!"

ಪ್ರಯೋಗಾಲಯದಲ್ಲಿ ಕ್ವಾರಿ ಮಾಲೀಕ ಉಮಾಪತಿ ಕಾಯುತ್ತಿದ್ದ. ಹಂಪಣ್ಣ ಬಾಯಿ ಬಿಡುವ ಮೊದಲೇ ಸಾಹೇಬರು ಕಲ್ಲನ್ನು ಕಸಿದು ಯಂತ್ರಕ್ಕಿಟ್ಟರು. ಯಂತ್ರ ನರಳಿತು, ಕಲ್ಲು ಹಳೇ ಅತ್ತೆಯಂತೆ ಜಗ್ಗಲಿಲ್ಲ. ಗೋಡೆ ಗಟ್ಟಿಯಿದೆ ಎಂಬ ವರದಿಗೆ ಸಾಹೇಬರು ಸಹಿ ಹಾಕಿಯೇಬಿಟ್ಟರು.

ಹಂಪಣ್ಣ ತಡೆಯಲಾರದೆ ಉಮಾಪತಿಯ ಕೈ ಹಿಡಿದ. "ಧಣ್ಯಾರ, ಅದು ಕಲ್ಲಿನ ಗಟ್ಟಿತನ ಅಲ್ರಿ, ಅಂಟಿಂದು. ಗ್ವಾಡಿ ಸೀಳೈತ್ರಿ. ಶೆಡ್ಡು ತೆಗಸ್ರಿ, ಕೂಸುಗಳು ಮಲಗ್ತಾವ್ರಿ ಅಲ್ಲಿ."

ಉಮಾಪತಿ ಪೂರ್ತಿ ಕೇಳಿಸಿಕೊಂಡ. ಅವನ ಕಣ್ಣು ಒದ್ದೆಯಾಯಿತು. "ಎಂಥಾ ಛಲೋ ಮನುಷ್ಯಾ ಅದೀಯಪ್ಪಾ! ಇವತ್ತ ವ್ಯವಸ್ಥಾ ಮಾಡತೀನಿ" ಎಂದ.

ಸಂಜೆ ಓಣಿಗೆ ಕ್ವಾರಿಯ ಜೀಪು ಬಂದಾಗ ಹಂಪಣ್ಣನ ಜೀವ ಹಗುರಾಯಿತು.

"ಶೆಡ್ಡು ಎತ್ತಿದ್ರ್ಯಾ?"

"ಯಾಕ ಎತ್ತೂದ್ರಿ?" ಎಂದ ಡ್ರೈವರ್. "ಧಣ್ಯಾರು ಡ್ರಮ್‌ಗಟ್ಟಲೆ ರೆಸಿನ್ ತರಿಸ್ಯಾರ. ಗವಿಸಿದ್ದೇಶಣ್ಣ ಬಂದು ಇಡೀ ಗ್ವಾಡಿಗೆ ತುಂಬಬೇಕಂತ. ಗ್ವಾಡಿ ಮ್ಯಾಲ ಕಣ್ಣಿಡಾಕ ಒಬ್ಬ ನಂಬಿಗಸ್ತ ಬೇಕಂತ ನಿಮ್ಮ ಸಾಹೇಬ್ರಿಗೆ ಹೇಳಿ ನಿಮ್ಮನ್ನೂ ಅಲ್ಲಿಗೇ ಹಾಕಿಸ್ಯಾರ. ಗ್ವಾಡಿಗೆ ಹತ್ತಿದ ಮೊದಲನೇ ಶೆಡ್ಡು ನಿಮಗ ಇಟ್ಟಾರ."

ಶಾಂತಕ್ಕ ಮಗನಿಗೂ ಹಂಪಣ್ಣನಿಗೂ ರೊಟ್ಟಿ ಕಟ್ಟಿಕೊಟ್ಟಳು. ಶೆಡ್ಡಿನ ತಗಡು ಬಿಸಿಲಿಗೆ ಕಾಯುತ್ತದೆಂದು, ಹಂಪಣ್ಣನ ಕೈಗೆ ಒಂದು ಬೀಸಣಿಗೆಯನ್ನೂ ಕೊಟ್ಟಳು.