ನೀರಿನಿಂದ ಎರಡಡಿ ಮೇಲೆ

ಹೊನ್ನೂರುಸ್ವಾಮಿ ಮಾಡಿದ ತಪ್ಪು ಒಂದೇ. ಶನಿವಾರ ಸಂಜೆ ಡ್ಯೂಟಿ ಮುಗಿಸಿ ಸ್ಟಾಫ್ ಬಸ್ ಹತ್ತಿದವನು, ಪಕ್ಕದ ಸೀಟಿನಲ್ಲಿ ಯಾರಿದ್ದಾರೆಂದು ನೋಡದೆ ಫೋನಿನಲ್ಲಿ ಹೆಂಡತಿಗೆ, "ನಾಳೆ ನೋಡ್ತಿರು, ನೀರಿನಿಂದ ಎರಡಡಿ ಮ್ಯಾಲ ಏಳ್ತೀನಿ" ಎಂದುಬಿಟ್ಟ. ಪಕ್ಕದ ಸೀಟಿನಲ್ಲಿದ್ದವರು ಗಣಿಯ ಸೇಫ್ಟಿ ಆಫೀಸರ್ ಕನಕರಾಜ್.

ಕನಕರಾಜ್ ಕೆಟ್ಟ ಮನುಷ್ಯರೇನಲ್ಲ. ಆದರೆ ಈ ಜಗತ್ತಿನಲ್ಲಿ ಅವರ ಕಣ್ಣಿಗೆ ಬೀಳುವುದು ಎರಡೇ: ಆಗಿಹೋದ ಅಪಘಾತ, ಇನ್ನೇನು ಆಗಲಿರುವ ಅಪಘಾತ. ಸ್ವಂತ ಮಗಳ ಮದುವೆಯಲ್ಲಿ ಅಕ್ಷತೆಗೆ ಮೊದಲು ಬೀಗರನ್ನೆಲ್ಲ ನಿಲ್ಲಿಸಿ, ಬೆಂಕಿ ಬಿದ್ದರೆ ಯಾವ ಬಾಗಿಲಿನಿಂದ ಓಡಬೇಕೆಂದು ತೋರಿಸಿದವರು ಅವರು.

"ಎತ್ತರದ ಕೆಲ್ಸ ಅಂದ್ರ ಪರ್ಮಿಟ್ ಬೇಕಲ್ಲ?" ಎಂದರು ಕನಕರಾಜ್.

"ಎರಡೇ ಅಡಿರೀ ಸರ್. ಆರಡಿ ದಾಟಿದ್ರ ಅಲ್ಲೇನ್ರಿ ಪರ್ಮಿಟ್?"

"ಅಲ್ಲಿ ನೀರು ಎಷ್ಟು ಆಳ ಐತಿ?"

"ಇಪ್ಪತ್ತಡಿ ಇರಬೌದ್ರಿ."

"ಇಪ್ಪತ್ತು ಮತ್ತ ಎರಡು, ಇಪ್ಪತ್ತೆರಡು. ಎತ್ತರಾನ ಯಾವತ್ತೂ ನೆಲದಿಂದ ಅಳೀಬೇಕು ಹೊನ್ನೂರುಸ್ವಾಮಿ. ನಾನೂ ಬರ್ತೀನಿ ನಾಳೆ."

ಹೊನ್ನೂರುಸ್ವಾಮಿಯ ಕೆಲಸ ವೇಬ್ರಿಡ್ಜಿನಲ್ಲಿ. ಸಂಡೂರಿನ ಗುಡ್ಡದಿಂದ ಅದಿರು ತುಂಬಿದ ಲಾರಿ ಇಳಿದು ಬರುತ್ತದೆ, ಅವನು ತೂಕ ನೋಡುತ್ತಾನೆ, ಲಾರಿ ಹೋಗುತ್ತದೆ, ಹಿಂದೆ ಇನ್ನೊಂದು ಬಂದು ನಿಲ್ಲುತ್ತದೆ. ಹನ್ನೊಂದು ವರ್ಷದಿಂದ ಪುಟ್ಟ ಕ್ಯಾಬಿನ್ನಿನಲ್ಲಿ ಕೂತು ಜಗತ್ತಿನ ಭಾರವನ್ನೇ ನೋಡುತ್ತ ಬಂದವನಿಗೆ, ಹೋದ ವರ್ಷ ಹೊಸಪೇಟೆ ಹತ್ತಿರ ತುಂಗಭದ್ರೆಯ ಹಿನ್ನೀರಿನಲ್ಲಿ ಒಬ್ಬ ಯುವಕ ಗಾಳಿ ತುಂಬಿದ ಬಟ್ಟೆಯ ರೆಕ್ಕೆ ಹಿಡಿದು ಹಲಗೆಯ ಮೇಲೆ ಸಾಗುವುದು ಕಂಡಿತು. ಅವನು ಅಲ್ಲಿ ಜಲಕ್ರೀಡೆಯ ಗುಡಿಸಲು ಇಟ್ಟಿದ್ದ ಕಿರಣ್ ಕುಮಾರ್. ಮರುವಾರವೇ ಹೊನ್ನೂರುಸ್ವಾಮಿ ಅವನ ಶಿಷ್ಯನಾದ.

ಮೊದಲ ಪಾಠ ಪ್ಯಾಡಲ್ ಬೋರ್ಡಿನ ಮೇಲೆ. ಅದು ಹತ್ತಡಿ ಉದ್ದದ ಅಗಲವಾದ ಹಲಗೆ, ಎಮ್ಮೆ ಹತ್ತಿ ನಿಂತರೂ ಮುಳುಗದಂಥದ್ದು. ಮೇಲೆ ನಿಂತು ಎರಡೂ ಕೈಯಲ್ಲಿ ರೆಕ್ಕೆ ಎತ್ತಿ ಹಿಡಿದರೆ ಗಾಳಿ ನಿಧಾನಕ್ಕೆ ಎಳೆದುಕೊಂಡು ಹೋಗುತ್ತದೆ. ಇದನ್ನು ಅವನು ಚೆನ್ನಾಗಿಯೇ ಕಲಿತ. ಆದರೆ ಕಿರಣನ ಬಳಿ ಇನ್ನೊಂದು ಹಲಗೆ ಇತ್ತು. ಗಿಡ್ಡದು. ಅದರ ಹೊಟ್ಟೆಯಡಿಗೆ ಮೂರಡಿಯ ಕಂಬ, ಕಂಬದ ತುದಿಗೆ ಆಟಿಕೆ ವಿಮಾನದಂಥ ಲೋಹದ ರೆಕ್ಕೆ. ಫಾಯಿಲ್ ಎಂದು ಅದರ ಹೆಸರು. ವೇಗ ಹಿಡಿದಾಗ ಆ ರೆಕ್ಕೆ ತಾನು ನೀರೊಳಗಿದ್ದುಕೊಂಡೇ ಹಲಗೆಯನ್ನು ಮೇಲಕ್ಕೆತ್ತುತ್ತದೆ, ಸವಾರ ನೀರು ಸೋಕದೆ ಹಾರುತ್ತಾನೆ. ಕಿರಣ್ ಹಾಗೆ ಹಾರುವುದನ್ನು ಒಮ್ಮೆ ನೋಡಿದ ಮೇಲೆ ಹೊನ್ನೂರುಸ್ವಾಮಿಗೆ ಪ್ಯಾಡಲ್ ಬೋರ್ಡು ಕೂಡ ಲೋಡಾದ ಲಾರಿಯಂತೆ ಕಾಣತೊಡಗಿತು. ಒಂದೇ ಒಂದು ಸಲ ತಾನೂ ಹಗುರಾಗಬೇಕು ಎಂಬ ಆಸೆ ಅವನಿಗೆ ನಿಜಕ್ಕೂ ಹತ್ತಿಕೊಂಡಿತ್ತು.

ಮೂರು ತಿಂಗಳು ಪ್ರಯತ್ನಪಟ್ಟ. ಮೂರು ತಿಂಗಳೂ ಬಿದ್ದ. ಕೊನೆಗೆ ಕಿರಣ್ ಹೇಳಿದ: "ಇದು ಇಲ್ಲಿ ಸುಮ್ನ ಬಿದ್ದೈತಿ ಅಣ್ಣ. ಕಾರವಾರದಾಗೂ ನಂದೊಂದು ಗುಡಿಸ್ಲು ಐತಿ, ಭಾನುವಾರ ಸಂಜಿ ಐದಕ್ಕ ಅಲ್ಲಿಗೆ ಒಯ್ತೀನಿ. ಅಷ್ಟರಾಗ ಈ ಕಡೆಯೋರು ಯಾರಾದ್ರೂ ಹತ್ತು ಎಣಸೋತನಕ ನೀರಿನ ಮ್ಯಾಲ ಹಾರಿದ್ರ, ಫಾಯಿಲ್ ಇಲ್ಲೇ ಇರ್ಲಿ. ಹಾರಿದೋರೇ ವರ್ಷಪೂರ್ತಿ ಓಡಿಸ್ಲಿ."

ಹೀಗೆ ಆಷಾಢದ ಆ ಭಾನುವಾರ ಬಂತು. ಹೆಂಡತಿ ಲಲಿತಾಳನ್ನು ಕರೆದುಕೊಂಡು ಬೈಕಿನಲ್ಲಿ ಸದ್ದಿಲ್ಲದೆ ಹೋಗಿಬರುವುದು ಹೊನ್ನೂರುಸ್ವಾಮಿಯ ಯೋಜನೆ. ಬೆಳಿಗ್ಗೆ ಬಾಗಿಲು ತೆರೆದರೆ ಕ್ವಾರ್ಟರ್ಸಿನ ಮುಂದೆ ಕ್ರೂಸರ್ ಗಾಡಿ ನಿಂತಿತ್ತು. ಅದರೊಳಗೆ ಹನ್ನೊಂದು ಜನ ಕೂತಿದ್ದರು. ಪಕ್ಕದ ಮನೆಯ ಜಂಬಮ್ಮ ಮಂಡಕ್ಕಿಯ ಚೀಲ, ಮಿರ್ಚಿ ಬಜ್ಜಿಯ ಡಬ್ಬಿ ಸಮೇತ ಮುಂದಿನ ಸೀಟು ಹಿಡಿದಿದ್ದಳು.

"ಹೊನ್ನೂರುಸ್ವಾಮಿ ಹಾರ್ತಾನಂತ ಕನಕರಾಜ್ ಸಾಹೇಬ್ರು ಅಂದ್ರು. ಹಾರಾದು ಬೀಳಾದು ಏನರ ಆಗ್ಲಿ, ನೋಡಾಕ ನಾಕು ಮಂದಿ ಬ್ಯಾಡೇನಪ್ಪ?" ಎಂದಳು ಜಂಬಮ್ಮ.

ಹಿನ್ನೀರಿನ ದಂಡೆಯಲ್ಲಿ ಕನಕರಾಜ್ ಒಂದು ಮೂಟೆ ಬಿಚ್ಚಿದರು. ಗಣಿಯ ಹಳದಿ ಹೆಲ್ಮೆಟ್, ಕಪ್ಪು ಕನ್ನಡಕ, ಮಿಂಚುವ ಪಟ್ಟಿಯ ಕಿತ್ತಳೆ ಜಾಕೆಟ್, ಧೂಳಿನ ಮಾಸ್ಕ್. ಎಲ್ಲವೂ ಎರಡೆರಡು.

"ನೀರಾಗ ಧೂಳಿನ ಮಾಸ್ಕ್ ಯಾಕ್ರೀ ಸರ್?"

"ಇವತ್ತು ನೀರಾಗ ಬ್ಯಾಡ ಅಂತೀರಿ, ನಾಳೆ ಗಣ್ಯಾಗೂ ಬ್ಯಾಡ ಅಂತೀರಿ. ಹಾಕ್ಕೊಳ್ರಿ."

"ಎರಡನೇ ಜೊತಿ ಯಾರಿಗ್ರಿ?"

"ನನಗ. ಹೇಳೋನು ಮೊದ್ಲು ಮಾಡಿ ತೋರಿಸ್ಬೇಕು. ಅಪಾಯದ ಕೆಲ್ಸಕ್ಕ ಇಬ್ರು ಇರಬೇಕು, ಅದು ರೂಲು. ನಾ ಹಿಂದ ಹರಿಗೋಲಿನಾಗ ಬರ್ತೀನಿ."

ಲೈಫ್ ಜಾಕೆಟ್ಟಿನ ಮೇಲೆ ಕಿತ್ತಳೆ ಜಾಕೆಟ್ ತೊಟ್ಟು, ಹೆಲ್ಮೆಟ್, ಕನ್ನಡಕ, ಮಾಸ್ಕ್ ಏರಿಸಿ ಇಬ್ಬರೂ ನಿಂತಾಗ ಒಂದೇ ಎತ್ತರ, ಒಂದೇ ಹೊಟ್ಟೆ. ಲಲಿತಾ ಮಜ್ಜಿಗೆಯ ಲೋಟ ತಂದು, "ಕುಡೀರಿ, ಹೊಟ್ಟಿ ಸ್ವಲ್ಪ ಒಳಗ ಎಳ್ಕೊಳ್ರಿ, ಮಂದಿ ನೋಡಾಕ್ಹತ್ಯಾರ" ಎಂದು ಪಿಸುಗುಟ್ಟಿದಳು. ಕನಕರಾಜ್ ಮಜ್ಜಿಗೆ ಕುಡಿದು ಹೊಟ್ಟೆ ಒಳಗೆಳೆದುಕೊಂಡರು.

ಗಾಳಿ ಜೋರಾಗಿಯೇ ಇತ್ತು. ಹೊನ್ನೂರುಸ್ವಾಮಿ ಗಿಡ್ಡ ಹಲಗೆಯ ಮೇಲೆ ಮಂಡಿಯೂರಿದ. ಹಲಗೆ ಅವನ ಭಾರಕ್ಕೆ ಅರ್ಧ ಮುಳುಗಿತು. ಬಟ್ಟೆಯ ರೆಕ್ಕೆ ಎತ್ತಿದ, ಎದ್ದುನಿಂತ, ಹಲಗೆ ಹೊರಟಿತು, ವೇಗ ಹಿಡಿಯಿತು, ಮೂತಿ ಮೇಲಕ್ಕೆತ್ತಿತು, ಇನ್ನಷ್ಟು ಎತ್ತಿತು, ಅವನನ್ನು ಹಿಂದಕ್ಕೆ ಬೀಳಿಸಿತು.

"ಒಂದು!" ಎಂದು ಹರಿಗೋಲಿನಿಂದ ಕನಕರಾಜ್ ಸೀಟಿ ಊದಿದರು. ಬಿದ್ದದ್ದನ್ನೆಲ್ಲ ಎಣಿಸಬೇಕು ಎಂಬುದೂ ರೂಲಂತೆ.

"ಮುಂದಿನ ಕಾಲಿಗೆ ಭಾರ ಹಾಕಣ್ಣ!" ಎಂದು ದಂಡೆಯಿಂದ ಕಿರಣ್ ಕೂಗಿದ. ಅದು ಹೊನ್ನೂರುಸ್ವಾಮಿಗೂ ಗೊತ್ತು. ಆದರೆ ದೊಡ್ಡ ಹಲಗೆಯ ಮೇಲೆ ಆರಾಮಾಗಿ ಹಿಂದಕ್ಕೊರಗಿ ನಿಂತು ರೂಢಿಯಾದ ಕಾಲು, ಅವನ ಮಾತು ಕೇಳುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತಾರು ಸಲ ಬಿದ್ದಿದ್ದ. ಮಾಸ್ಕ್ ಒದ್ದೆಯಾಗಿ ಮೂಗಿಗೆ ಅಂಟಿತ್ತು. ಅದನ್ನು ಗದ್ದಕ್ಕೆಳೆದಾಗೆಲ್ಲ ಸೀಟಿ ಕೇಳುತ್ತಿತ್ತು.

ದಂಡೆಗೆ ಬಂದರೆ ಜಂಬಮ್ಮ ಬಿಡಲಿಲ್ಲ. "ದೊಡ್ಡ ಹಲಗಿ ಮ್ಯಾಲ ಗಣಪ್ಪನಂಗ ಚಂದ ಹೊಂಟಿದ್ದಿಯಂತ. ಈ ಊಟದ ಮಣಿಯಂಥ ಗಿಡ್ಡ ಹಲಗಿ ಯಾಕ ಬೇಕಿತ್ತು ನಿನಗ? ತಗೋ, ಮಿರ್ಚಿ ತಿನ್ನು. ಶಕ್ತಿ ಇಲ್ದಕ್ಕ ಬೀಳಾಕ್ಹತ್ತಿ." ನಾಲ್ಕು ಮಿರ್ಚಿ ತಿನ್ನಿಸಿದಳು. ಎಂಬತ್ತೆಂಟು ಕಿಲೋ ಮನುಷ್ಯ ಏಳಲಾಗದೆ ಒದ್ದಾಡುವಾಗ ಅವನಿಗೆ ತಿನ್ನಲು ಕೊಡುವುದು ನಮ್ಮ ಕಡೆಯ ಪ್ರೀತಿ, ಏನು ಮಾಡಲಾಗುತ್ತದೆ?

ನಾಲ್ಕು ಗಂಟೆಗೆ ಕಿರಣ್ ಗುಡಿಸಲಿನ ಮುಂದೆ ಗಾಡಿ ತಂದು ನಿಲ್ಲಿಸಿ ಹಗ್ಗ ಬಿಚ್ಚತೊಡಗಿದ. ಹೊನ್ನೂರುಸ್ವಾಮಿಗೆ ಇನ್ನು ನಾಳೆಯಿಂದ ಮತ್ತೆ ಲಾರಿ, ತೂಕ, ಲಾರಿ. ಹಗುರಾಗುವ ದಾರಿ ಕಾರವಾರಕ್ಕೆ ಹೊರಟು ನಿಂತಿತ್ತು. ಅವನು ಯಾರಿಗೂ ಹೇಳದೆ ಹಲಗೆ ಎತ್ತಿಕೊಂಡು ನೀರಿಗಿಳಿದ. ಕನಕರಾಜ್ ಮಂಡಕ್ಕಿ ಚೆಲ್ಲಿ, ಹರಿಗೋಲಿನವನಾದ ತಾಯಪ್ಪನನ್ನು ಎಬ್ಬಿಸಿಕೊಂಡು ಬೆನ್ನು ಹತ್ತಿದರು.

ತಾಯಪ್ಪ ಮೀನು ಹಿಡಿಯುವವನು. ಬೆಳಗಿನಿಂದ ಬಲೆ ಬಿಟ್ಟು ಇವರ ಹಿಂದೆ ಸುತ್ತಿ ಬೇಸತ್ತಿದ್ದ. ಗಾಳಿಗೆ ಹರಿಗೋಲು ಗರಗರ ತಿರುಗಿತು. ನೀರಿನ ನಡುವೆ ಒಂದು ಬಂಡೆಗುಡ್ಡ ಇದೆ. ಅಲ್ಲಿಗೆ ಮುಟ್ಟುವಷ್ಟರಲ್ಲಿ ಕನಕರಾಜರಿಗೆ ತಲೆಯೂ ತಿರುಗಿತು, ಹೊಟ್ಟೆಯೂ ತಿರುಗಿತು.

"ತಾಯಪ್ಪ, ನನ್ನ ಇಲ್ಲಿ ಇಳಿಸಪ್ಪ. ಕಲ್ಲಿನ ಮ್ಯಾಲ ಕುಂತ ನೋಡ್ತೀನಿ."

"ಕುಂದ್ರಿ ಸಾಹೇಬ್ರ. ಅಷ್ಟರಾಗ ನಾ ಬಲಿ ನೋಡ್ಕೊಂಡ್ ಬರ್ತೀನಿ" ಎಂದು ತಾಯಪ್ಪ ಅವರನ್ನಿಳಿಸಿ ದೂರ ಹೋದ. ಕನಕರಾಜ್ ಬಂಡೆಗೊರಗಿ ಕಣ್ಣು ಮುಚ್ಚಿದರು.

ಹೊನ್ನೂರುಸ್ವಾಮಿ ಐದು ಸಲ ಬಿದ್ದು ಎದ್ದು, ಗಾಳಿ ತಳ್ಳಿದಂತೆ ದಂಡೆಗೆ ಕಾಣದ ಗುಡ್ಡದ ಆ ಬದಿಗೆ ಬಂದಿದ್ದ. ಅಲ್ಲಿ ಸೀಟಿ ಇರಲಿಲ್ಲ, ಜಂಬಮ್ಮ ಇರಲಿಲ್ಲ, ಉಪದೇಶ ಇರಲಿಲ್ಲ. ಮಂಡಿಯೂರಿ ದಣಿವಾರಿಸಿಕೊಳ್ಳುತ್ತಿದ್ದಾಗ ಅವನಿಗೆ ಹಿಂದಿನ ವಾರದ ಒಂದು ಲಾರಿ ನೆನಪಾಯಿತು. ಅದಿರನ್ನೆಲ್ಲ ಹಿಂದೆ ಸುರಿದಿದ್ದರು. ಗೇಟಿನ ಏರಿನಲ್ಲಿ ಅದರ ಮುಂದಿನ ಗಾಲಿ ನೆಲ ಬಿಟ್ಟು ಎದ್ದಿತ್ತು. "ಮುಂದಿನ ಆಕ್ಸಲ್ಲಿಗೆ ತೂಕ ಕೊಡಲೇ!" ಎಂದು ಡ್ರೈವರನಿಗೆ ಬೈದವನು ತಾನೇ. ಹೊನ್ನೂರುಸ್ವಾಮಿ ತನ್ನ ಮುಂದಿನ ಕಾಲು ನೋಡಿಕೊಂಡ. ಕಿರಣ್ ನೂರು ಸಲ ಹೇಳಿದ್ದು ಈಗ ಅವನಿಗೆ ತನ್ನ ಭಾಷೆಯಲ್ಲಿ ಕೇಳಿಸಿತು.

ಗಾಳಿ ಬೀಸಿತು. ಎದ್ದ. ಹಲಗೆ ಓಡಿತು, ಮೂತಿ ಎತ್ತಲು ನೋಡಿತು. ಅವನು ಮೈಯ ತೂಕವನ್ನೆಲ್ಲ ಮುಂದಿನ ಆಕ್ಸಲ್ಲಿಗೆ ಸುರಿದ. ಮೂತಿ ಸಮವಾಯಿತು. ಆಮೇಲೆ ಇದ್ದಕ್ಕಿದ್ದಂತೆ ನೀರಿನ ಸದ್ದೇ ನಿಂತುಹೋಯಿತು.

ಕೆಳಗೆ ನೋಡಿದರೆ ಹಲಗೆಗೂ ನೀರಿಗೂ ನಡುವೆ ಎರಡಡಿ ಬರೀ ಗಾಳಿ. ಒಂದು, ಎರಡು, ಮೂರು ಎಂದು ಎಣಿಸಿದ. ಹತ್ತಾಯಿತು. ಇಪ್ಪತ್ತಾಯಿತು. ಮೂವತ್ತರ ಮೇಲೆ ಎಣಿಸುವುದನ್ನು ಮರೆತ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನಿಗೆ ತನ್ನ ತೂಕ ನೆನಪಿರಲಿಲ್ಲ. ಮಾಸ್ಕಿನೊಳಗೆ ಹುಡುಗನಂತೆ ಕೇಕೆ ಹಾಕಿದ. ಅಷ್ಟು ಸುಖಪಟ್ಟಿದ್ದು ಅವನಿಗೇ ನಂಬಿಕೆಯಾಗಲಿಲ್ಲ.

ಆದರೆ ಹಾರುವುದನ್ನು ಕಲಿತಿದ್ದನೇ ಹೊರತು ನಿಲ್ಲಿಸುವುದನ್ನಲ್ಲ. ಎದುರಿಗೆ ಬಂಡೆ ಕಂಡು ಗಾಬರಿಯಿಂದ ರೆಕ್ಕೆ ತಿರುಗಿಸಿದ, ನೀರಿಗೆ ಬಿದ್ದ, ಹಲಗೆಗೂ ಕಾಲಿಗೂ ಕಟ್ಟಿದ್ದ ಹಗ್ಗ ಕಿತ್ತುಹೋಯಿತು. ಹಲಗೆ ತೇಲಿಕೊಂಡು ಗುಡ್ಡದ ಕಡೆಗೆ, ಅವನು ಬಟ್ಟೆಯ ರೆಕ್ಕೆ ತಬ್ಬಿಕೊಂಡು ಇನ್ನೊಂದು ಕಡೆಗೆ. ಬಂಡೆಗೆ ಹಲಗೆ ಬಡಿದ ಸದ್ದಿಗೆ ಎಚ್ಚರಗೊಂಡ ಕನಕರಾಜ್, "ಅಯ್ಯಯ್ಯೋ!" ಎಂದು ನೀರಿಗಿಳಿದು, ಪಾಚಿಗೆ ಜಾರಿ, ಪೂರ್ತಿ ಮುಳುಗಿ, ಹಲಗೆಯನ್ನು ಅವುಚಿಕೊಂಡು ಎದ್ದರು. ತಾಯಪ್ಪ ಹರಿಗೋಲು ಓಡಿಸಿಕೊಂಡು ಬಂದಾಗ ಕಂಡದ್ದು ಈ ದೃಶ್ಯ. ಅವನು ಮೊದಲು ಅವರನ್ನು ಹತ್ತಿಸಿಕೊಂಡ, ಆಮೇಲೆ ರೆಕ್ಕೆಗೆ ಜೋತುಬಿದ್ದು ತೇಲುತ್ತಿದ್ದ ಹೊನ್ನೂರುಸ್ವಾಮಿಯನ್ನು ಎಳೆದುಕೊಂಡ.

ದಂಡೆಗೆ ಬಂದಾಗ ಐದಕ್ಕೆ ಇನ್ನು ಹತ್ತು ನಿಮಿಷ. ಕಿರಣ್ ಹಗ್ಗ ಹಿಡಿದು ನಿಂತಿದ್ದ.

"ಹಾರಿದೆ ಕಿರಣ! ಮೂವತ್ತು ಎಣಿಸೀನಿ!" ಎಂದು ಹೊನ್ನೂರುಸ್ವಾಮಿ ಏದುಸಿರು ಬಿಟ್ಟ.

"ನೋಡಿದೋರು ಯಾರಣ್ಣ?"

"ನಾ ನೋಡೀನ್ರಿ" ಎಂದ ತಾಯಪ್ಪ. ಎಲ್ಲರೂ ಅವನ ಕಡೆ ತಿರುಗಿದರು. ಹೊನ್ನೂರುಸ್ವಾಮಿಗೆ ಅವನ ಕಾಲಿಗೆ ಬೀಳಬೇಕೆನಿಸಿತು. "ಬಲಿ ಬಿಡಸಾದು ಬಿಟ್ಟು ನೋಡೀನಿ. ದೇವ್ರಾಣಿ, ನೀರಿನಿಂದ ಎರಡಡಿ ಮ್ಯಾಲ. ಕೊಕ್ಕರಿ ಹೋದಂಗ ಹೋದ್ರು, ಸಾಹೇಬ್ರು."

"ಸಾಹೇಬ್ರು ಯಾರು?"

"ಇವ್ರ" ಎಂದು ತಾಯಪ್ಪ ಕನಕರಾಜರ ಕಡೆ ಕೈ ತೋರಿಸಿದ. "ಹಲಗಿ ಇವ್ರ ಕೈಯಾಗ ಇತ್ತು."

"ಏ ತಾಯಪ್ಪ, ಹಾರಿದ್ದು ನಾನು!"

ತಾಯಪ್ಪ ಕನಿಕರದಿಂದ ನೋಡಿದ. "ನೀವು ಬೆಳಗ್ಗಿಂದ ಮೂವತ್ತೊಂದು ಸಲ ಬಿದ್ದೀರ್ರೀ ಅಣ್ಣಾರ. ನಾನ ಕಣ್ಣಾರೆ ನೋಡೀನಿ. ಬೀಳೋರು ಬ್ಯಾರೆ, ಹಾರೋರು ಬ್ಯಾರೆ."

ಈ ತರ್ಕ ಎಲ್ಲರಿಗೂ ಒಪ್ಪಿಗೆಯಾಯಿತು. ದಂಡೆಯಲ್ಲಿ ಚಪ್ಪಾಳೆ ಬಿತ್ತು. ಕಿರಣ್ ಕನಕರಾಜರ ಕೈ ಕುಲುಕಿ, "ಮೊದ್ಲನೇ ಸಲಕ್ಕ ಹಾರಿದ್ರಲ್ಲ ಸರ್! ಫಾಯಿಲ್ ಇಲ್ಲೇ ಇರ್ತೈತಿ, ನಿಮ್ದ ಇದು" ಎಂದ. ಕನಕರಾಜ್ ಬಾಯಿ ತೆರೆದರು. ಅಲ್ಲವೆಂದು ಹೇಳಲೇ ತೆರೆದದ್ದು. ಅಷ್ಟರಲ್ಲಿ ಜಂಬಮ್ಮ ಅವರಿಗೆ ದೃಷ್ಟಿ ನಿವಾಳಿಸಿ ನೆಟಿಗೆ ಮುರಿದಳು. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವರನ್ನು ಕಂಡರೆ ಜನ ಓಡಿದ್ದೇ ಹೆಚ್ಚು, ಹೀಗೆ ಹತ್ತಿರ ಬಂದದ್ದಿಲ್ಲ.

"ಸೇಫ್ಟಿ ಪಾಲಿಸಿದ್ರ ಯಾರು ಬೇಕಾದ್ರೂ ಹಾರಬೌದು" ಎಂದರು ಕನಕರಾಜ್.

ಲಲಿತಾ ಗಂಡನ ಹೆಗಲಿಗೆ ಟವೆಲ್ ಹೊದಿಸಿದಳು. "ಇರ್ಲಿ ಬಿಡ್ರಿ. ಅವ್ರನ್ನ ನೋಡಿ ಕಲೀರಿ. ಬರೋ ಭಾನುವಾರ ಅವ್ರು ಮತ್ತ ಹಾರಿ ತೋರಿಸ್ತಾರಂತ, ಇಡೀ ಕ್ವಾರ್ಟರ್ಸು ಬರ್ತೈತಿ."

ಹಿಂದಿರುಗುವಾಗ ಕ್ರೂಸರಿನ ಕೊನೆಯ ಸೀಟಿನಲ್ಲಿ ಒದ್ದೆ ಮೈಯ ಇಬ್ಬರೇ ಕೂತರು. ಹೊನ್ನೂರುಸ್ವಾಮಿ ಮುಖ ಆಚೆ ತಿರುಗಿಸಿದ್ದ. ಸಿಟ್ಟು ಮಾಡಿಕೊಳ್ಳಬೇಕೆಂದು ಎಷ್ಟು ಪ್ರಯತ್ನಿಸಿದರೂ ಆ ಸದ್ದಿಲ್ಲದ ಎರಡಡಿ ನೆನಪಾಗಿ ತುಟಿ ತಾನಾಗಿಯೇ ಅರಳುತ್ತಿತ್ತು. ಫಾಯಿಲ್ ಉಳಿದಿದೆ, ಗಾಳಿಯೂ ಇನ್ನೆರಡು ತಿಂಗಳು ಇರುತ್ತದೆ. ಕನಕರಾಜ್ ಕಿವಿಯ ಹತ್ತಿರ ಬಗ್ಗಿದರು.

"ಹೊನ್ನೂರುಸ್ವಾಮಿ, ನನಗ ಈಜು ಬರಂಗಿಲ್ರಿ."

"ಗೊತ್ತಾತ್ರಿ ಸರ್."

"ಬರೋ ಭಾನುವಾರ ಹೆಲ್ಮೆಟ್, ಕನ್ನಡಕ, ಮಾಸ್ಕ್ ಹಾಕ್ಕೊಂಡು ನೀವು ಹಾರ್ರಿ. ನಾ ಗುಡಿಸ್ಲು ಒಳಗ ಕುಂದರ್ತೀನಿ. ಪ್ರತಿ ಭಾನುವಾರ ಹಂಗ. ವರ್ಷಪೂರ್ತಿ ಫಾಯಿಲ್ ನಿಮ್ಮ ಕೈಯಾಗ. ಆಗಬೌದಾ?"

ಹೊನ್ನೂರುಸ್ವಾಮಿ ಬಹಳ ಹೊತ್ತು ಯೋಚಿಸಲಿಲ್ಲ. ಹಾರಿದವನ ಹೆಸರು ಯಾವುದಾದರೇನು, ಹಗುರಾಗುವ ಮೈ ತನ್ನದೇ ತಾನೆ? "ಆಗ್ಲಿ ಬಿಡ್ರಿ ಸರ್" ಎಂದ.

ಕನಕರಾಜ್ ನೆಮ್ಮದಿಯ ಉಸಿರು ಬಿಟ್ಟು ಒರಗಿ ಕೂತರು. ಕ್ಷಣ ಬಿಟ್ಟು ಮತ್ತೆ ಬಗ್ಗಿದರು.

"ಒಂದ ಒಂದು ಕಂಡೀಷನ್. ನನ್ನ ಹೆಸರಿನ ಮ್ಯಾಲ ಇಪ್ಪತ್ತು ವರ್ಷದಾಗ ಒಂದೂ ಅಪಘಾತ ಇಲ್ಲ. ಅದಕ್ಕ, ಹಾರೋತನಕ ಅದು ನಾನು. ಬಿದ್ರಿ ಅಂದ್ರ, ಕೂಡ್ಲೇ ಹೆಲ್ಮೆಟ್ ತೆಗೆದು ಮಂದಿಗೆ ಮುಖ ತೋರಿಸ್ಬೇಕು."