ಬಾಲ ಬಿಟ್ಟು ಕಟ್ಟಿದ ಜೋಲಿ

ಆ ಭಾನುವಾರ ತುಮರಿಯ ಹಿನ್ನೀರಿನ ದಂಡೆಯಲ್ಲಿ ಇದ್ದವರು ಮೂವರೇ: ನಾನು, ನನ್ನ ಹೆಂಡತಿ ಸುಮಿತ್ರ, ಮತ್ತು ನಾನು ಬಾಡಿಗೆಗಿದ್ದ ಮನೆಯ ಯಜಮಾನರು ಗಣಪಯ್ಯ. ಎರಡು ಮತ್ತಿ ಮರಗಳ ನಡುವೆ ಖಾಕಿ ಬಟ್ಟೆಯ ಜೋಲಿಯೊಂದು ತೂಗುತ್ತಿತ್ತು. ಅದನ್ನು ನಾಲ್ಕನೆಯವರೆಂದು ಹಿಡಿದರೂ ತಪ್ಪಿಲ್ಲ. ಸುಮಿತ್ರ ಇನ್ನು ಮುಂದೆ ನನ್ನ ಜೊತೆ ಇರುತ್ತಾಳೋ ಇಲ್ಲವೋ ಎಂಬುದು ಅಂದು ಅದರ ಮೇಲೇ ತೀರ್ಮಾನವಾಗಬೇಕಿತ್ತು.

ಹೆಂಡತಿಯನ್ನು ಒಲಿಸಿಕೊಳ್ಳಲು ಗಂಡಸರು ಸೀರೆ ತರುತ್ತಾರೆ, ಮಲ್ಲಿಗೆ ತರುತ್ತಾರೆ, ತೀರಾ ಬುದ್ಧಿವಂತರು ಬಾಯಿ ಮುಚ್ಚಿಕೊಂಡಿರುತ್ತಾರೆ. ಹಗ್ಗ ತಂದವನು ನಾನೊಬ್ಬನೇ ಇರಬೇಕು. ಎಪ್ಪತ್ತರ ದಶಕದ ಕೊನೆಯ ಮಾತು. ನಾನು ತುಮರಿಯಲ್ಲಿ ಮೇಷ್ಟ್ರು, ಅವಳು ತೀರ್ಥಹಳ್ಳಿಯಲ್ಲಿ ಟೀಚರು. ಮದುವೆಯಾಗಿ ಎರಡು ವರ್ಷವಾಗಿದ್ದರೂ ನಮ್ಮಿಬ್ಬರ ನಡುವೆ ಸಾಗರ, ಹೊಸನಗರ, ಎರಡು ಬಸ್ಸು, ಹಿನ್ನೀರು ದಾಟಿಸುವ ಒಂದು ಲಾಂಚು ಇದ್ದವು. ಶನಿವಾರ ಬೆಳಗಿನ ಶಾಲೆ ಮುಗಿಸಿ ಓಡಿ ಲಾಂಚು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಅವಳ ಮನೆ. ಭಾನುವಾರ ಊಟದ ಎಲೆ ಎತ್ತುವ ಮೊದಲೇ ಮತ್ತೆ ಬಸ್‌ಸ್ಟ್ಯಾಂಡು. ಆ ಎರಡು ವರ್ಷದಲ್ಲಿ ನಾನು ಹೆಂಡತಿಯ ಮುಖಕ್ಕಿಂತ ಹೊಸನಗರದ ಬಸ್ಸಿನ ಕಂಡಕ್ಟರನ ಮುಖವನ್ನೇ ಹೆಚ್ಚು ನೋಡಿದ್ದೇನೆ. ಒಮ್ಮೆ ನನಗೆ ಜ್ವರ ಬಂದು ಹೋಗಲಾಗದಿದ್ದಾಗ, ಮುಂದಿನ ವಾರ ಮೊದಲು ವಿಚಾರಿಸಿದವನೂ ಅವನೇ.

ಉಳಿದ ದಿನಗಳಲ್ಲಿ ಸಂಜೆ ಕೊನೆಯ ಲಾಂಚು ಬರುವ ಹೊತ್ತಿಗೆ ದಡಕ್ಕೆ ಹೋಗಿ ನಿಲ್ಲುವುದು ನನಗೊಂದು ಚಟವಾಯಿತು. ಅವಳು ಬರುವುದಿಲ್ಲ ಎಂದು ಗೊತ್ತು. ಬರುವ ಕಾರಣವೂ ಇಲ್ಲ. ಆದರೂ ಇಳಿಯುವವರನ್ನು ಒಬ್ಬೊಬ್ಬರಾಗಿ ನೋಡುತ್ತಿದ್ದೆ. ಸಂತೆ ಚೀಲದವರು, ಆಸ್ಪತ್ರೆಯಿಂದ ಮರಳಿದವರು, ಬಾಣಂತಿಯರು ಎಲ್ಲರೂ ಇಳಿದು ತಂತಮ್ಮವರ ಜೊತೆ ಮಾತಾಡುತ್ತ ಏರು ಹತ್ತಿ ಹೋಗುತ್ತಿದ್ದರು. ಕೊನೆಗೆ ಲಾಂಚಿನವನು ನನ್ನ ಕಡೆ ನೋಡಿ, ಇನ್ಯಾರೂ ಇಲ್ಲ ಎನ್ನುವಂತೆ ಕೈ ಆಡಿಸುತ್ತಿದ್ದ. ನೀರಿನಲ್ಲಿ ಮುಳುಗಿದ ಹಳೆಯ ಮರಗಳ ತುದಿಗಳು ಮಾತ್ರ ನನ್ನ ಹಾಗೆಯೇ ಸುಮ್ಮನೆ ನಿಂತಿರುತ್ತಿದ್ದವು.

ನಮ್ಮ ಶಾಲೆಯಲ್ಲಿ ಒಂದು ಹುದ್ದೆ ಖಾಲಿ ಇತ್ತು. ಸುಮಿತ್ರ ವರ್ಗಕ್ಕೆ ಅರ್ಜಿ ಹಾಕಿದರೆ ಕೆಲಸ ಕೆಡುವಂಥದ್ದೇನೂ ಇರಲಿಲ್ಲ. ಕೆಡಿಸಿದ್ದು ನೀರು. ಅವಳಿಗೆ ನೀರೆಂದರೆ ಎಷ್ಟು ಹೆದರಿಕೆಯೆಂದರೆ, ತೀರ್ಥಹಳ್ಳಿಯ ತುಂಗೆಯ ಸೇತುವೆ ಬಂದಾಗಲೂ ಬಸ್ಸಿನ ಸೂರು ನೋಡುತ್ತ ಕೂರುತ್ತಿದ್ದಳು. ನಾನು ಪ್ರತಿ ವಾರ ಅರ್ಜಿ ಹಾಕು ಎಂದು ಹೇಳುತ್ತಲೇ ಇದ್ದೆ. ಕೊನೆಗೊಂದು ದಿನ ಅವಳು, "ಒಂದು ಸಲ ಬಂದು ನೋಡ್ತೀನಿ. ಮನಸ್ಸು ಒಪ್ಪಿದ್ರೆ ಅರ್ಜಿ ಹಾಕ್ತೀನಿ, ಇಲ್ದಿದ್ರೆ ಈ ಮಾತು ಇಲ್ಲಿಗೆ ಸಾಕು," ಎಂದಳು. ಅರ್ಜಿ ಕೊಡಲು ಆ ತಿಂಗಳ ಕೊನೆಯವರೆಗೆ ಮಾತ್ರ ಅವಕಾಶವಿತ್ತು.

ಅವಳ ಮನಸ್ಸು ಒಪ್ಪುವಂಥದ್ದು ತುಮರಿಯಲ್ಲಿ ಏನಿದೆ ಎಂದು ಯೋಚಿಸುತ್ತ ಕೂತಾಗ ನೆನಪಾದದ್ದು ಅವಳ ತವರಿನ ಗೋಡೆಯ ಮೇಲಿದ್ದ ಕ್ಯಾಲೆಂಡರು. ಅದರಲ್ಲಿ ಯಾವುದೋ ದೇಶದ ಹೆಂಗಸೊಬ್ಬಳು ಎರಡು ಮರಗಳ ನಡುವೆ ಜೋಲಿ ಕಟ್ಟಿಕೊಂಡು ಹಾಡುಹಗಲಲ್ಲಿ ಮಲಗಿ ಪುಸ್ತಕ ಓದುತ್ತಿದ್ದಳು. ಬೆಳಗ್ಗೆ ಐದಕ್ಕೆ ಎದ್ದರೆ ರಾತ್ರಿಯವರೆಗೆ ಬೆನ್ನು ನೆಲಕ್ಕೆ ತಾಗಿಸದ ಸುಮಿತ್ರ ಅದರ ಮುಂದೆ ಬಹಳ ಹೊತ್ತು ನಿಂತು, "ಪುಣ್ಯಾತ್ಗಿತ್ತಿ" ಎಂದಿದ್ದಳು. ಅಷ್ಟೇ ಹೇಳಿದ್ದು. ಆದರೆ ತಿಂಗಳು ಕಳೆದರೂ ಆ ಹಾಳೆ ಹರಿಯಲು ಬಿಟ್ಟಿರಲಿಲ್ಲ.

ಸಾಗರದ ದರ್ಜಿಯೊಬ್ಬನಿಗೆ ದಪ್ಪ ಖಾಕಿ ಬಟ್ಟೆ ಆರು ಗಜ ಕೊಟ್ಟು ಎರಡು ತುದಿಗೂ ಹಗ್ಗ ತೂರುವ ನೆರಿಗೆ ಹೊಲಿಸಿದೆ. ಇದು ಯಾರ ಅಳತೆಯ ಚಡ್ಡಿ ಎಂದು ಅವನು ಬಹಳ ಸಂಕೋಚದಿಂದ ಕೇಳಿದ. ಕಟ್ಟುವ ವಿದ್ಯೆ ನನಗೆ ಗೊತ್ತಿತ್ತು. ಸ್ಕೌಟು ತರಬೇತಿಯಲ್ಲಿ ನಮಗೆ ಒಂದು ಮಧ್ಯಾಹ್ನವಿಡೀ ಅದನ್ನೇ ಕಲಿಸಿದ್ದರು. ಮರದ ತೊಗಟೆ ಸುಲಿಯದಂತೆ ಮೊದಲು ಗೋಣಿತಾಟು ಸುತ್ತಬೇಕು, ಅದರ ಮೇಲೆ ಹಗ್ಗ ಎರಡು ಸುತ್ತು ಬರಬೇಕು. ಜೋಲಿ ಬಿಗಿಯಾಗಿ ನೆಟ್ಟಗಿದ್ದರೆ ಮಲಗಿದವರು ಮಗುಚಿ ಬೀಳುತ್ತಾರೆ, ತೀರಾ ಸಡಿಲವಾದರೆ ಬಾಳೆಹಣ್ಣಿನ ಹಾಗೆ ಬಾಗುತ್ತಾರೆ. ಮಲಗಿದ ಮೇಲೆ ಅದು ಕುರ್ಚಿಯ ಎತ್ತರಕ್ಕೆ ಬರುವಂತಿರಬೇಕು, ಕಾಲಿನ ಕಡೆ ತುಸು ಮೇಲಿರಬೇಕು, ಮೈಯನ್ನು ಸ್ವಲ್ಪ ಓರೆಯಾಗಿ ಚಾಚಬೇಕು. ಕೊನೆಗೆ ಹಗ್ಗದ ತುದಿಯನ್ನು ಎರಡು ಸಲ ಮಡಿಸಿ ತೂರಿಸಿ ಗಂಟು ಬಿಗಿಯಬೇಕು.

ನಾನು ಎಡವಿದ್ದು ಆ ಕೊನೆಯ ಗಂಟಿನಲ್ಲಿ. ಹೊಸನಗರದ ಕಡೆಯ ನಮ್ಮ ಅಜ್ಜ ನನಗೆ ಅಕ್ಷರಕ್ಕಿಂತ ಮೊದಲು ದನ ಕಟ್ಟುವುದನ್ನು ಕಲಿಸಿದವರು. ಅವರ ಗಂಟಿನಲ್ಲಿ ಹಗ್ಗದ ತುದಿಯನ್ನು ಪೂರ್ತಿ ತೂರಿಸುವಂತಿಲ್ಲ. ಮಡಿಸಿದ ಕುಣಿಕೆಯನ್ನಷ್ಟೇ ತೂರಿಸಿ, ತುದಿಯನ್ನು ಬಾಲದ ಹಾಗೆ ಹೊರಗೆ ಬಿಡಬೇಕು. ಎಮ್ಮೆ ಎಷ್ಟು ಜಗ್ಗಿದರೂ ಅದು ಬಿಗಿಯುತ್ತಲೇ ಹೋಗುತ್ತದೆ. ಬಾಲ ಎಳೆದರೆ ಒಂದೇ ಎಳೆತಕ್ಕೆ ಬಿಚ್ಚುತ್ತದೆ. ಬಾಲ ಬಿಡದೆ ಕಟ್ಟಿದ ದಿನ ಅಜ್ಜ, "ಕೊಟ್ಟಿಗೆಗೆ ಬೆಂಕಿ ಬಿದ್ರೆ ಕತ್ತಿ ಹುಡುಕ್ತಾ ಕೂರ್ತೀಯೇನೋ?" ಎಂದು ಕಿವಿ ಹಿಂಡುತ್ತಿದ್ದರು. ಒಂದು ಮಧ್ಯಾಹ್ನದ ತರಬೇತಿ ಹತ್ತು ವರ್ಷ ಹಿಂಡಿಸಿಕೊಂಡ ಕಿವಿಯ ಮುಂದೆ ಎಲ್ಲಿ ನಿಲ್ಲುತ್ತದೆ? ನನ್ನ ಕೈ ತಾನಾಗಿ ದನದ ಗಂಟನ್ನೇ ಹಾಕಿತು. ಕಾಲಿನ ಕಡೆ ಹಗ್ಗ ಬಹಳ ಉಳಿದಿತ್ತು. ಹೊಸ ಹಗ್ಗ ಕತ್ತರಿಸಲು ಮನಸ್ಸಾಗದೆ ಆ ಬಾಲವನ್ನು ಜೋಲಿಯ ಅಂಚಿನುದ್ದಕ್ಕೂ ಚೆಂದವಾಗಿ ಇಳಿಬಿಟ್ಟೆ.

ಮೂರು ವಾರ ತಾಲೀಮು ನಡೆಯಿತು. ಸುಮಿತ್ರಳ ಬದಲಿಗೆ ಒಂದು ಮೂಟೆ ಭತ್ತ ಮಲಗಿಸುತ್ತಿದ್ದೆ. ಗಣಪಯ್ಯ ಎಲೆಯಡಿಕೆಯ ಕವಳ ಹಾಕಿಕೊಂಡು ನೋಡಲು ಬರುತ್ತಿದ್ದರು. ಗಂಟು ನೋಡಿ ಮೆಚ್ಚಿ, ಬಾಲ ಬಿಟ್ಟದ್ದು ಒಳ್ಳೆಯದಾಯಿತು ಎಂದರು. ಅವರೂ ದನ ಸಾಕಿದವರೇ. ಒಂದು ದಿನ ಮಾತ್ರ ಮೂಟೆಯನ್ನು ಮೃದುವಾಗಿ ತೂಗುತ್ತಿದ್ದ ನನ್ನನ್ನು ಬಹಳ ಹೊತ್ತು ನೋಡಿ, "ಎಂತ ಮಾಷ್ಟ್ರೇ, ಅದು ನಿದ್ರೆ ಮಾಡ್ತಾ ಇದ್ದಾ?" ಎಂದು ಕೇಳಿದರು.

ಆ ಭಾನುವಾರ ಸುಮಿತ್ರ ಲಾಂಚಿನಲ್ಲಿ ಕಣ್ಣು ಮುಚ್ಚಿಕೊಂಡು, ನನ್ನ ತೋಳಿನಲ್ಲಿ ಉಗುರೂರಿ, ಹೇಗೋ ದಾಟಿ ಬಂದಳು. ಜೋಲಿ ಕಂಡಾಗ ನೇರ ಅದರ ಹತ್ತಿರ ಹೋದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊದಲು ಕೂತು, ನಾನು ಹೇಳಿದಂತೆ ಓರೆಯಾಗಿ ಕಾಲು ಚಾಚಿದಳು. ಮತ್ತಿ ಎಲೆಗಳ ಸಂದಿನಿಂದ ಬಿಸಿಲು ಅವಳ ಮುಖದ ಮೇಲೆ ಆಡುತ್ತಿತ್ತು. ಮೇಲೆ ನೋಡುತ್ತಲೇ, "ಇಲ್ಲಿ ಇರ್ಬಹುದು ಕಣ್ರೀ," ಎಂದಳು.

ಎರಡು ವರ್ಷದಿಂದ ನಾನು ಕಾದಿದ್ದ ಮಾತು. ಅದು ನನ್ನ ಕಿವಿಯಿಂದ ಎದೆಗೆ ಇಳಿಯುವಷ್ಟರಲ್ಲಿ ಅವಳ ಕೈ ಪಕ್ಕದ ಹಗ್ಗಕ್ಕೆ ಹೋಯಿತು. ನಮ್ಮ ಕಡೆಯ ಹೆಣ್ಣುಮಕ್ಕಳು ಒಂದು ಕೈಯಲ್ಲಿ ದೋಸೆಹಿಟ್ಟು ರುಬ್ಬುತ್ತ, ಇನ್ನೊಂದು ಕೈಯಲ್ಲಿ ತೊಟ್ಟಿಲಿಗೆ ಕಟ್ಟಿದ ಹಗ್ಗ ಎಳೆದು ತಮ್ಮ-ತಂಗಿಯರನ್ನು ತೂಗಿ ಬೆಳೆದವರು. ತೂಗುವುದೊಂದು ಇದ್ದು ಪಕ್ಕದಲ್ಲಿ ಹಗ್ಗ ಇಳಿಬಿದ್ದಿದ್ದರೆ ಅದನ್ನು ಎಳೆಯದೆ ಇರುವುದು ಅವರಿಂದ ಆಗದು. ಭತ್ತದ ಮೂಟೆಗೆ ಕೈಯಿಲ್ಲ ಎಂಬುದು ಆ ಮೂರು ವಾರ ನನ್ನ ತಲೆಗೆ ಹೊಳೆದಿರಲಿಲ್ಲ. ಅಜ್ಜನ ಗಂಟು ಮಾತು ಉಳಿಸಿಕೊಂಡಿತು, ಒಂದೇ ಎಳೆತ.

ಒಣಗಿದ ಎಲೆಗಳ ಮೇಲೆ ಬಿದ್ದದ್ದರಿಂದ ಹೆಚ್ಚು ಪೆಟ್ಟಾಗಲಿಲ್ಲ. ಕೂತಲ್ಲೇ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನೂ ನಕ್ಕೆ. ಗಣಪಯ್ಯ ನಗಬೇಕೋ ಬೇಡವೋ ತಿಳಿಯದೆ ಹಿನ್ನೀರಿನ ಕಡೆ ತಿರುಗಿ ನಿಂತರು. ಇಷ್ಟೆಲ್ಲ ಯಾಕೆ ಕಟ್ಟಿದಿರಿ ಎಂದು ಅವಳು ಕೇಳಿದಾಗ, ನೀನು ಬರಲಿ ಅಂತ, ಎಂದೆ. ಅವಳ ನಗು ನಿಂತಿತು.

"ಎರಡು ವರ್ಷದಿಂದ ನಾನು ಬರ್ಬೇಕು ಅಂತಲೇ ಹೇಳ್ತಿದ್ದೀರಿ," ಎಂದಳು, ಸೀರೆಯ ಎಲೆ ಕೊಡವುತ್ತ. "ನೀವೇ ಅಲ್ಲಿಗೆ ಬರ್ಬಹುದು ಅಂತ ಒಂದು ಸಲನಾದ್ರೂ ಅಂದಿದ್ದೀರಾ?"

ಅಂದಿರಲಿಲ್ಲ. ಹೊಳೆದೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ದಡದಲ್ಲಿ ನಿಂತು ಹಂಬಲಿಸುವುದೇ ನನಗೆ ರೂಢಿಯಾಗಿ, ಅದೇ ದೊಡ್ಡ ಪ್ರೀತಿಯೆಂದು ತಿಳಿದಿದ್ದೆ. ಲಾಂಚು ಎರಡೂ ಕಡೆಗೆ ಹೋಗುತ್ತದೆ ಎನ್ನುವುದನ್ನು ಭೂಗೋಳದ ಮೇಷ್ಟ್ರಿಗೆ ಹೆಂಡತಿ ಹೇಳಿಕೊಡಬೇಕಾಯಿತು.

ಆ ವಾರವೇ ನಾನು ಅರ್ಜಿ ಬರೆದೆ. ತೀರ್ಥಹಳ್ಳಿಯ ಹತ್ತಿರದ ಅರಳಸುರಳಿಯ ಶಾಲೆಯಲ್ಲಿದ್ದ ಮೇಷ್ಟ್ರೊಬ್ಬರ ಊರು ತುಮರಿಯ ಹತ್ತಿರವೇ. ಅವರೂ ನನ್ನಷ್ಟೇ ಬಸ್ಸು ಹತ್ತಿ ಇಳಿದು ಬೇಸತ್ತಿದ್ದರು. ನಾವಿಬ್ಬರೂ ಪರಸ್ಪರ ಒಪ್ಪಿ ಜಾಗ ಬದಲಾಯಿಸಿಕೊಂಡೆವು. ಜೂನ್ ಮೊದಲ ವಾರ ಟ್ರಂಕು ಹೊತ್ತು ಬೆಳಗಿನ ಲಾಂಚು ಹತ್ತಿದೆ. ಎರಡು ವರ್ಷ ನಾನು ಬೈದ ಆ ನೀರು ಅಂದು ಇನ್ನೊಂದು ಫರ್ಲಾಂಗು ಅಗಲವಿರಬಾರದಿತ್ತೇ ಎನ್ನಿಸಿತು. ಲಾಂಚು ಹೋಗಿ ನಿಲ್ಲುವ ಆಚೆ ಕಡೆಯ ಹೊಳೆಬಾಗಿಲಿನ ದಡದಲ್ಲಿ, ನೀರಿಗೆ ಬೆನ್ನು ಹಾಕಿಕೊಂಡು, ಸುಮಿತ್ರ ನಿಂತಿದ್ದಳು. ಬರುತ್ತೇನೆಂದು ಅವಳು ತಿಳಿಸಿರಲಿಲ್ಲ; ಹಿಂದಿನ ದಿನವೇ ಸಾಗರಕ್ಕೆ ಬಂದು ಉಳಿದಿದ್ದಳಂತೆ. ತಿಂಡಿ ಆಯಿತೇ ಎಂದು ಕೇಳಿದಳು. ಟ್ರಂಕಿನ ಒಂದು ಹಿಡಿಯನ್ನು ಅವಳು ಹಿಡಿದಳು, ಇನ್ನೊಂದನ್ನು ನಾನು ಹಿಡಿದೆ. ಸಾಗರದ ಬಸ್ಸು ಹೊರಡಲು ಇನ್ನೂ ಅರ್ಧ ಗಂಟೆಯಿತ್ತು.