ಎದುರುಮನೆಯ ಕಾಲೇಜು ಏಡು

ಸ್ವಲ್ಪ ಹತ್ತಿರ ಬನ್ನಿ. ಇನ್ನೂ ಹತ್ತಿರ. ಇದು ನನ್ನ ಬಾಯಿಂದ ಬಂತು ಅಂತ ಯಾರಿಗೂ ಗೊತ್ತಾಗಕೂಡದು. ನಿಮ್ಮ ಯಜಮಾನರಿಗೂ ಬೇಡ. ಗಂಡಸರ ಹೊಟ್ಟೇಲಿ ಮಾತು ನಿಲ್ಲಲ್ಲ.

ನ್ಯೂಯಾರ್ಕಿನ ಪಕ್ಕದ ನಮ್ಮ ಮನ್ರೋ ಊರಲ್ಲಿ ಕಾಲೇಜಿನ ಕಾಲ ಬಂತೆಂದರೆ ಒಂದಲ್ಲ ಒಂದು ತಮಾಷೆ ತಪ್ಪಿದ್ದಲ್ಲ. ನಾನು ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು, ಮಗಳ ಮನೆ ಕಿಟಕಿ ಪಕ್ಕ ಕೂತಿರ್ತೀನಿ. ಹೊರಗೆ ಹಿಂಜಿದ ಹತ್ತಿಯ ಹಾಗೆ ಹಿಮ ಇಳೀತಿರುತ್ತೆ, ರೆಪ್ಪೆ ತಾನಾಗಿ ಮುಚ್ಚುತ್ತೆ. ಎದುರುಮನೆ ಬಾಗಿಲು ಕಿರುಗುಟ್ಟಿದರೆ ಮಾತ್ರ ಎಚ್ಚರವಾಗುತ್ತೆ. ಏನು ಮಾಡೋದು, ದೇವರು ಕೊಟ್ಟ ಕಿವಿ.

ಎದುರುಮನೆಯವಳು ಧಾರವಾಡದ ಕಡೆಯವಳು. ಗಂಡ, ಒಬ್ಬಳೇ ಮಗಳು. ಆ ಹುಡುಗಿಗೆ ನ್ಯೂಯಾರ್ಕಿನ ಒಂದು ಕಾಲೇಜಿನ ಮೇಲೆ ಪ್ರಾಣ. ಸೀಟೇನೋ ಸಿಕ್ಕಿತು, ಆದರೆ ಓದೋ ಮಕ್ಕಳಿಗೆ ಸರ್ಕಾರ ಕೊಡುತ್ತಲ್ಲ ದುಡ್ಡಿನ ಸಹಾಯ, ಏಡು ಅಂತಾರೆ, ಅದು ಬಂದರೇನೇ ಹೋಗೋದು. ಸಂಜೆಯಾದರೆ ಮೆಟ್ಟಿಲ ಮೇಲೆ ಕೂತು ದೂರದ ಆಕಾಶ ನೋಡ್ತಿದ್ದಳು, ಆ ಊರಿನ ದೀಪಗಳು ಅಲ್ಲಿಂದಲೇ ಕಾಣ್ತಾವೇನೋ ಅನ್ನೋ ಹಾಗೆ.

ಕಾರಿನ ಅಜ್ಞಾತವಾಸ

ಒಂದು ದಿನ ಅವಳಮ್ಮ ಬಂದಳು. ಕೈಯಲ್ಲಿ ಚಿನ್ನದ ಬಳೆ ಇಲ್ಲ, ಬರೀ ಗಾಜಿನದು.

"ಆಂಟಿ, ನಮ್ಮ ಹೊಸಾ ಕಾರು ನಿಮ್ಮ ಗರಾಜಿನ್ಯಾಗ ಒಂದ್ ವಾರ ಇಡ್ಲೇನ್ರಿ? ಏಡಿನವರು ಮನಿ ನೋಡಾಕ ಬಂದ್ರ?"

ನನಗೂ ಸರಿ ಅನ್ನಿಸ್ತು. ನಮ್ಮ ಕಡೆ ಬಡವರ ರೇಷನ್ ಕಾರ್ಡಿಗೆ ಮನೆ ನೋಡೋಕೆ ಬರ್ತಿರಲಿಲ್ಲವೇ? ಮಧ್ಯಾಹ್ನದ ಮಂಪರಿನಲ್ಲಿ ಏಡಿನವರು ಬಂದೇಬಿಟ್ಟರು, ಹೆಣ್ಣು ನೋಡೋಕೆ ಬಂದೋರ ಹಾಗೆ ಅವಳ ಸೋಫಾ ಮೇಲೆ ಕೂತು, "ಮನೇಲಿ ಫ್ರಿಜ್ ಇದೆಯೋ?" ಅಂತಿದ್ದಾರೆ. ಹುಡುಗಿ ತಲೆ ಬಗ್ಗಿಸಿ ಕಾಫಿ ತರ್ತಿದ್ದಾಳೆ. ಎಷ್ಟು ಚೆನ್ನಾಗಿತ್ತು ಕನಸು!

ಎಬ್ಬಿಸಿದ್ದೂ ಅದೇ ಹುಡುಗಿ. ಕಾರಿನ ಕೀಲಿ ಕೇಳೋಕೆ ಬಂದು, ಅಮ್ಮನ ಮೇಲೆ ಕೂಗಾಡ್ತಿದ್ದಳು: "ನೋಬಡಿ ಈಸ್ ಕಮಿಂಗ್, ಅಮ್ಮಾ! ದೇ ಡೋಂಟ್ ಈವನ್ ಆಸ್ಕ್ ಅಬೌಟ್ ದ ಕಾರ್!"

ಅಷ್ಟರಲ್ಲಿ ನಮ್ಮ ಅಳಿಯಂದಿರ ಕಾರು ವಾರವೆಲ್ಲ ಬೀದಿಯಲ್ಲಿ ನಿಂತು ಹಿಮದೊಳಗೆ ಹೂತುಹೋಗಿತ್ತು. ಬಡವರಾಗಿ ಕಂಡೋರು ನಾವೇ.

ಅಜ್ಜಿಯರ ಸುಗ್ಗಿ

ಆಮೇಲೆ ಹೊಸ ರೂಲ್ ಬಂತು. ಮೊದಲು ಅಜ್ಜಿ ತಾತ ಕಾಲೇಜಿಗೆ ದುಡ್ಡು ಕೊಟ್ಟರೆ ಅದನ್ನೂ ಲೆಕ್ಕ ಹಿಡಿದು ಏಡು ಕಡಿಮೆ ಮಾಡ್ತಿದ್ದರಂತೆ. ಈಗ ಅಜ್ಜಿ ಕೊಟ್ಟಿದ್ದು ಲೆಕ್ಕಕ್ಕೇ ಇಲ್ಲ. ಈ ಸುದ್ದೀನ ಎದುರುಮನೆಗೆ ಮುಟ್ಟಿಸಿದವಳೂ ನಾನೇ. ಪಾಪ, ಆ ಹುಡುಗಿಗೆ ಎರಡೂ ಕಡೆ ಅಜ್ಜಿ ಇಲ್ಲ.

ಅವತ್ತಿಂದ ನಮಗೆ ಬಂತು ನೋಡಿ ಯೋಗ. ಫೋನಿಂದ ತಲೆ ಎತ್ತದ ನನ್ನ ಮೊಮ್ಮಗ ಬಂದು ಕಾಲು ಒತ್ತಿದ. "ಅಜ್ಜೀ, ಯು ಆರ್ ದ ಬೆಸ್ಟ್." ನಾನು ಮೋಡದ ಮೇಲೆ ತೇಲಿಹೋದೆ. ಸುಮಾರು ಹೊತ್ತು ತೇಲಿ, ಆಮೇಲೆ ಅಂದೆ: "ಮಗಾ, ನನ್ನ ಹತ್ತಿರ ಇರೋದು ಈ ಮಂಡಿನೋವೊಂದೇ."

ಒತ್ತೋದು ಅಲ್ಲಿಗೇ ನಿಂತಿತು.

ಬ್ಯಾಂಕಲ್ಲಿ ಎರಡು ಡಿಪಾಸಿಟ್ ಇದೆ, ಅದು ಬೇರೆ ಮಾತು. ಮಗಳಿಗೂ ಗೊತ್ತಿಲ್ಲ. ದೇವಸ್ಥಾನದಲ್ಲಿ ಹೂ ಕಟ್ಟೋಕೆ ಬರೋ ನನ್ನ ಗೆಳತಿ ಒಬ್ಬರಿಗೆ ಬಿಟ್ಟು ಯಾರಿಗೂ ಹೇಳಿಲ್ಲ.

ದಿಂಬು ಹಿಡಿದ ಗಂಡ

ಇನ್ನು ಅಸಲಿ ವಿಷಯ. ಪ್ರತಿ ಶುಕ್ರವಾರ ಸಂಜೆ ಎದುರುಮನೆ ಗಂಡ ಕಂಕುಳಲ್ಲಿ ದಿಂಬು ಇಟ್ಟುಕೊಂಡು ಹೊರಡೋರು. ಮತ್ತೆ ಕಾಣೋದು ಸೋಮವಾರವೇ. ಹಿಮದಲ್ಲಿ ಆ ಬಿಳೀ ದಿಂಬು ಕೊಕ್ಕರೆಯ ಹಾಗೆ ದೂರ ದೂರ ಹೋಗೋದನ್ನ ನೋಡ್ತಾ ನೋಡ್ತಾ ನನಗೆ ಹೊಳೀತು. ಅಪ್ಪ ಅಮ್ಮ ಬೇರೆಯಾದರೆ ಮಗು ಯಾರ ಹತ್ತಿರ ಇದೆಯೋ ಅವರ ಸಂಬಳ ಮಾತ್ರ ನೋಡ್ತಾರೆ ಅಂತ ಕೇಳಿದ್ದೆ. ಏಡಿಗೋಸ್ಕರ ಸಂಸಾರವನ್ನೇ ಮುರಿದರಲ್ಲ!

ಹೂ ಕಟ್ಟೋ ಗೆಳತಿಗೆ ಮಾತ್ರ ಹೇಳಿದೆ. ಮಂಗಳಾರತಿ ಹೊತ್ತಿಗೆ ದೇವರೊಬ್ಬನನ್ನ ಬಿಟ್ಟು ಎಲ್ಲರೂ ಕೇಳ್ತಿದ್ದರು.

ಮಾರನೇ ದಿನ ಎದುರುಮನೆಯವಳೇ ಬಂದು ನನ್ನ ಮುಂದೆ ಕೂತಳು.

"ಆಂಟಿ, ನಮ್ಮವರು ಶನಿವಾರ ಐತವಾರ ವುಡ್‌ಬ್ರಿಡ್ಜ್‌ನ್ಯಾಗ ಗೆಳೆಯನ ಅಂಗಡಿ ನೋಡ್ಕೋತಾರ, ರಾತ್ರಿ ಅಲ್ಲೇ ಮಲಗತಾರ. ಏಡು ಅರ್ಧನ ಬಂದೈತಿ. ಉಳಿದದ್ದು ಹುಟ್ಟದಿದ್ರ ಮಗಳು ಮನ್ಯಾಗ ಕೂಡಬೇಕು."

"ಅಯ್ಯೋ, ನಾನೆಲ್ಲಿ ಏನಂದೆನಮ್ಮಾ..."

"ಬ್ಯಾರೆ ಆದ್ರೂ ಲಾಭಿಲ್ರಿ. ಹೊಸಾ ರೂಲಿನ್ಯಾಗ ಮಗು ಯಾರ ಮನ್ಯಾಗ ಐತಿ ಅಂತ ಕೇಳಂಗಿಲ್ಲ, ಯಾರು ಹೆಚ್ಚು ಖರ್ಚು ಮಾಡ್ತಾರ ಅವರ ಪಗಾರ ನೋಡ್ತಾರ. ಅದಕ್ಕ, ನಾವು ಕೂಡೇ ಇರೂಣಂತ ಮಾಡೇವಿ."

ನಾನು ನಕ್ಕೆ. ಅವಳು ನಗಲಿಲ್ಲ. ಬಾಗಿಲ ಕಡೆ ತಿರುಗಿ ಮಗಳನ್ನ ಕರೆದಳು. ಕೂದಲ ತುಂಬ ಹಿಮದ ಹೂ ಮುಡಿದ ಹುಡುಗಿ ಬಂದು ನಿಂತಳು, ಅದೇ ದೂರದ ದೀಪದ ಕಣ್ಣು.

"ಅಜ್ಜಿ ಕೊಟ್ಟ ರೊಕ್ಕ ಲೆಕ್ಕಕ್ಕ ಬರಂಗಿಲ್ಲ ಅಂದಾವ್ರು ನೀವ. ನಮ್ಮನಿ ಸುದ್ದಿ ನಮಗಿಂತ ಹೆಚ್ಚು ನಿಮಗ ಗೊತ್ತೈತಿ ಅಂದಮ್ಯಾಲ ನೀವೂ ಮನಿಯವರ ಆದ್ರಿ. ಇವತ್ತಿಂದ ಈಕಿಗೆ ನೀವ ಅಜ್ಜಿ. ಬ್ಯಾಂಕಿನ್ಯಾಗಿನ ಆ ಎರಡು ಡಿಪಾಸಿಟ್ ಮುರೀರಿ."